ನ್ಯಾಮತಿಯಲ್ಲಿ ಸೋತ ಮೇಲೆ

ನಮ್ಮ ಯಜಮಾನರು ಚನ್ನಗಿರಿಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ನನ್ನ ತವರು ಹೊನ್ನಾಳಿ. ಇವೆರಡರಿಂದ ಯಾರಿಗೂ ಏನೂ ತೊಂದರೆ ಆಗಬೇಕಾಗಿರಲಿಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ, ಊರಿನವರು ಈ ಎರಡನ್ನೂ ಕೂಡಿಸಿ ಒಂದು ಲೆಕ್ಕ ಹಾಕಿದರು. ಆ ಲೆಕ್ಕದ ಪ್ರಕಾರ ಚನ್ನಗಿರಿಯ ಬಾಸ್ಕೆಟ್‌ಬಾಲ್ ತಂಡ ಹೊನ್ನಾಳಿಯ ಎದುರು ಸೋಲಲು ಕಾರಣ ನಾನು.

ಆ ಆಟವನ್ನು ಊರಿಗೆ ತಂದವರೇ ಇವರು. ಟ್ರೈನಿಂಗಿಗೆ ಅಂತ ಮೈಸೂರಿಗೆ ಹೋಗಿದ್ದಾಗ ಕಲಿತು ಬಂದು, ಮೈದಾನದ ಒಂದು ಮೂಲೆಯಲ್ಲಿ ಕಂಬ ನೆಡಿಸಿ, ಹಲಗೆ ಹೊಡೆಸಿ, ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವ ಕಮ್ಮಾರರ ಹತ್ತಿರ ಎರಡು ಕಬ್ಬಿಣದ ಬಳೆ ಮಾಡಿಸಿ ಕೂರಿಸಿದ್ದರು. ನೆಲ ಕೆಮ್ಮಣ್ಣಿನದು, ಗೆರೆ ಸುಣ್ಣದ್ದು. ಮೊದಮೊದಲು ಜನ ಅದನ್ನು ಬುಟ್ಟಿ ಆಟ ಅಂತ ನಗಾಡುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ ನಕ್ಕವರೇ ಸಂಜೆ ಅಂಗಡಿ ಬಿಟ್ಟು ಬಂದು ಕಾಂಪೌಂಡಿನ ಮೇಲೆ ಕೂತು, ಯಾರು ಯಾರಿಗೆ ಚೆಂಡು ಕೊಡಬೇಕಿತ್ತು ಅಂತ ಕೂಗಿ ಹೇಳತೊಡಗಿದರು. ಅಡಿಕೆ ಮಂಡಿಯವರು, ಹೋಟೆಲಿನವರು, ತಾಲ್ಲೂಕು ಆಫೀಸಿನ ಗುಮಾಸ್ತರು, ಎಲ್ಲರಿಗೂ ಆಟ ಗೊತ್ತಿತ್ತು. ಚೆಂಡು ಮುಟ್ಟಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಊರಿನ ಯುವಕರದ್ದೇ ಒಂದು ತಂಡವಾಯಿತು, ಅದನ್ನು ನೋಡಿಕೊಳ್ಳುವವರೂ ಇವರೇ. ಅದರ ಜೀವ ಅಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ ಒಬ್ಬ. ಇಪ್ಪತ್ತೈದರ ಆಸುಪಾಸು, ನಮ್ಮ ಮನೆಯ ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಮಾತು ಬಹಳ ಕಡಿಮೆ. ಬಳೆಯ ಕೆಳಗೆ ಅವನ ಕೈಗೆ ಚೆಂಡು ಸಿಕ್ಕಿತು ಅಂದರೆ ನೋಡುವವರು ಆಗಲೇ ಚಪ್ಪಾಳೆ ಶುರು ಮಾಡುತ್ತಿದ್ದರು. ಇವರನ್ನು ಕಾಣಲು ಆಗಾಗ ಮನೆಗೆ ಬರುತ್ತಿದ್ದ. ನಾನು ಕೊಟ್ಟ ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋಗುತ್ತಿದ್ದ.

ಆ ವರ್ಷ ಶಿವಮೊಗ್ಗದಲ್ಲಿ ಜಿಲ್ಲೆಯ ಪಂದ್ಯಾವಳಿ ಇತ್ತು. ನಮ್ಮ ಕಡೆಯಿಂದ ಒಂದೇ ತಂಡ ಹೋಗಬೇಕು. ಚನ್ನಗಿರಿ, ಹೊನ್ನಾಳಿ ಎರಡರ ನಡುವೆ ಮೂರು ಆಟ, ಎರಡು ಗೆದ್ದವರು ಶಿವಮೊಗ್ಗಕ್ಕೆ ಅಂತ ತೀರ್ಮಾನವಾಯಿತು. ಮೊದಲನೆಯದನ್ನು ನಮ್ಮ ಊರಿನಲ್ಲಿ ನಾವು ಗೆದ್ದೆವು. ಎರಡನೆಯದನ್ನು ಹೊನ್ನಾಳಿಯಲ್ಲಿ ಅವರು ಗೆದ್ದರು. ಹೊನ್ನಾಳಿಯ ತಂಡದಲ್ಲಿ ನನ್ನ ತಮ್ಮನೂ ಇದ್ದ. ಕುಳ್ಳ, ಆದರೆ ಕಾಲಿನಲ್ಲಿ ಬಹಳ ಚುರುಕು.

ಮೂರನೆಯದಕ್ಕೆ ಎರಡೂ ಊರು ಬೇಡ ಅಂತ ನ್ಯಾಮತಿಯನ್ನು ಗೊತ್ತು ಮಾಡಿದರು. ರೆಫ್ರಿಯೂ ನಮ್ಮ ಜಿಲ್ಲೆಯವರು ಬೇಡ ಅಂತ ಜಗಳೂರಿನಿಂದ ಒಬ್ಬ ಮೇಷ್ಟ್ರನ್ನು ಕರೆಸಿದರು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆ. ಅವರಿಗೆ ಈ ಕಡೆ ನೆಂಟರಿಲ್ಲ, ಇಷ್ಟರಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದರಿಂದ ನಾನು ಒಂದು ವಾರದಿಂದ ಹೊನ್ನಾಳಿಯಲ್ಲಿದ್ದೆ. ಆಟದ ದಿನ ಅಪ್ಪ ನನ್ನನ್ನೂ ನ್ಯಾಮತಿಗೆ ಕರೆದುಕೊಂಡು ಹೊರಟರು. ಮಗ ಒಂದು ಕಡೆ, ಅಳಿಯ ಇನ್ನೊಂದು ಕಡೆ, ಯಾರು ಗೆದ್ದರೂ ನನಗೆ ನಷ್ಟವಿಲ್ಲ ಅಂತ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿಕೊಂಡು ನಗುತ್ತಿದ್ದರು. ಚನ್ನಗಿರಿಯವರು ಎರಡು ಲಾರಿಯಲ್ಲಿ ಬಂದಿದ್ದರು. ಅವರ ನಡುವೆ ಒಬ್ಬ ಹೆಂಗಸೂ ಇರಲಿಲ್ಲ. ಹೊನ್ನಾಳಿಯಿಂದ ಬಂದ ಹೆಂಗಸರು ಮೈದಾನದ ಆಚೆ ಬದಿಯಲ್ಲಿ ನಿಂತಿದ್ದರು. ನಾನು ಅಲ್ಲಿ ಹೋಗಿ ನಿಂತೆ. ಅಲ್ಲಿ ಬಿಟ್ಟು ಇನ್ನೆಲ್ಲಿ ನಿಲ್ಲಬೇಕಿತ್ತೋ ನನಗೆ ಇವತ್ತಿಗೂ ತಿಳಿಯದು.

ಆಟ ಶುರುವಾಗಿ ಸುಮಾರು ಹೊತ್ತಿನವರೆಗೆ ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಕೊನೆಯ ಅರ್ಧದಲ್ಲಿ ಸೈಕಲ್ ಶಾಪಿನವನು ಒಂದಾದ ಮೇಲೊಂದು ಹಾಕಿ ಚನ್ನಗಿರಿಯನ್ನು ಏಳು ಪಾಯಿಂಟು ಮುಂದೆ ತಂದ. ಲಾರಿಯ ಮೇಲೆ ನಿಂತಿದ್ದವರು ಟವೆಲ್ ಬೀಸತೊಡಗಿದರು. ಆಟ ಮುಗಿಯಲು ಐದು ನಿಮಿಷ ಇರಬಹುದು, ಇವರು ಇದ್ದಕ್ಕಿದ್ದ ಹಾಗೆ ಎದ್ದು ನಿಂತು ಕೈ ಮಾಡಿ ಆಟ ನಿಲ್ಲಿಸಿದರು. ತಾವೇ ಒಳಗೆ ಹೋಗಿ ಅವನ ರೆಟ್ಟೆ ಹಿಡಿದು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದರು. ತಲೆಯ ಮೇಲೆ ಟವೆಲ್ ಹಾಕಿ, ಪಕ್ಕದಲ್ಲೇ ಕೂತು, ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡರು. ಅವನ ಬದಲು ಕಾಲೇಜಿಗೆ ಹೋಗುತ್ತಿದ್ದ ಹೊಸಬನೊಬ್ಬನನ್ನು ಇಳಿಸಿದರು.

ಹೊನ್ನಾಳಿಯವರು ಒಂದೊಂದೇ ಹಾಕುತ್ತಾ ಬಂದರು. ಬಾಸ್ಕೆಟ್‌ಬಾಲಿನಲ್ಲಿ ಹೊರಗೆ ಕರೆದವರನ್ನು ಮತ್ತೆ ಇಳಿಸಬಹುದು. ಲಾರಿಯವರು ಇಳಿಸಿ, ಇಳಿಸಿ ಅಂತ ಗಂಟಲು ಹರಿದುಕೊಂಡರು. ಇವರು ತಿರುಗಿಯೂ ನೋಡಲಿಲ್ಲ. ಕೊನೆಗೆ ನನ್ನ ತಮ್ಮ ಎಲ್ಲರ ಕಾಲ ಸಂದಿಯಲ್ಲಿ ನುಗ್ಗಿದ ಹಾಗೆ ನುಗ್ಗಿ ಒಂದು ಹಾಕಿದ. ಒಂದು ಪಾಯಿಂಟಿನಿಂದ ಹೊನ್ನಾಳಿ ಗೆದ್ದಿತು. ಅವನು ಹಾಕಿದಾಗ ನಾನು ಚಪ್ಪಾಳೆ ಹೊಡೆದೆ. ಅದು ಸುಳ್ಳಲ್ಲ. ಹೊಡೆದ ಮೇಲೆ ಕೈ ಸೆರಗಿನೊಳಗೆ ಇಟ್ಟುಕೊಂಡೆ.

ಮರುದಿನ ನಾನು ಚನ್ನಗಿರಿಗೆ ವಾಪಸು ಬಂದಾಗ ಊರಿನಲ್ಲಿ ವಿಚಾರಣೆ ನಡೆದಿತ್ತು. ಮೊದಲ ಎರಡು ದಿನ ತಪ್ಪೆಲ್ಲ ಜಗಳೂರಿನ ರೆಫ್ರಿಯದ್ದು. ಅವರು ಹೊನ್ನಾಳಿಯವರ ಮನೆಯಲ್ಲಿ ಊಟ ಮಾಡಿದರಂತೆ, ಅವರ ಸೀಟಿ ನಮ್ಮವರು ಮುಟ್ಟಿದರೆ ಮಾತ್ರ ಕೂಗುತ್ತಿತ್ತಂತೆ. ಆಮೇಲೆ ಯಾರೋ, ಊಟ ಮಾಡಿದ್ದು ಎರಡೂ ತಂಡದ ಜೊತೆ, ನಾನೇ ಬಡಿಸಿದೆ ಅಂದರಂತೆ. ಆಗ ತಪ್ಪು ನ್ಯಾಮತಿಯನ್ನು ಒಪ್ಪಿಕೊಂಡವರ ಮೇಲೆ ಬಂತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನದ್ದೇ ಅಲ್ಲವಾ, ಅದು ಹೇಗೆ ಯಾರದ್ದೂ ಅಲ್ಲದ ಊರಾಗುತ್ತದೆ ಅನ್ನುವುದು ಪ್ರಶ್ನೆ. ಮಾತು ನ್ಯಾಯವಾದದ್ದೇ. ಆದರೆ ಒಪ್ಪಿಕೊಂಡಾಗ ಸಭೆಯಲ್ಲಿ ಕೂತಿದ್ದವರೇ ಈಗ ಹೋಟೆಲಿನಲ್ಲಿ ಕೇಳುತ್ತಿದ್ದವರು. ಹಾಗಾಗಿ ಆ ಮಾತೂ ಹೆಚ್ಚು ದಿನ ಬಾಳಲಿಲ್ಲ. ಕಾಲೇಜಿನ ಹೊಸಬನನ್ನು ಎರಡು ದಿನ ಬೈದರು. ಅವನ ಅಪ್ಪ ಮಂಡಿಯಲ್ಲಿ ದೊಡ್ಡ ಕುಳ, ಅದನ್ನೂ ಬಿಟ್ಟರು. ಕೊನೆಗೆ ಉಳಿದದ್ದು ಡ್ರಿಲ್ ಮೇಷ್ಟ್ರು. ಗೆಲ್ಲುತ್ತಿದ್ದಾಗ ಊರಿನ ಅತ್ಯುತ್ತಮ ಆಟಗಾರನನ್ನು ಕೈ ಹಿಡಿದು ಹೊರಗೆ ತಂದವರು ಅವರೇ ತಾನೆ?

ಯಾಕೆ ತಂದರು ಅಂತ ಕೇಳಿದರೆ ಇವರು ಒಂದೇ ಮಾತು ಹೇಳುತ್ತಿದ್ದರು, ದಣಿದಿದ್ದ ಅಂತ. ಯಾರೂ ನಂಬಲಿಲ್ಲ. ಆಟದ ಕೊನೆಗೆ ಅವನು ಬೆಂಚಿನಿಂದ ಎದ್ದು ನಡೆದುಕೊಂಡೇ ಲಾರಿ ಹತ್ತಿದ್ದನ್ನು ಎಲ್ಲರೂ ನೋಡಿದ್ದರು. ಆಗ ಯಾರಿಗೋ ನನ್ನ ತವರು ನೆನಪಾಯಿತು. ಅಲ್ಲಿಂದ ಮುಂದೆ ಎಲ್ಲ ಸಲೀಸು. ಮೇಷ್ಟ್ರ ಮಾವ ಹೊನ್ನಾಳಿಯವರು, ಭಾಮೈದ ಆ ತಂಡದಲ್ಲಿ, ಹೆಂಡತಿ ವಾರದ ಮುಂಚೆಯೇ ಅಲ್ಲಿಗೆ ಹೋಗಿದ್ದಳು, ಆಚೆ ಬದಿಯಲ್ಲಿ ನಿಂತು ಚಪ್ಪಾಳೆ ಹೊಡೆದದ್ದನ್ನು ಲಾರಿಯ ಮೇಲಿದ್ದ ಹತ್ತು ಜನ ಕಂಡಿದ್ದಾರೆ.

ಇದು ನನ್ನ ಕಿವಿಗೆ ಬಿದ್ದದ್ದು ನಮ್ಮ ಮನೆಯ ಒಡತಿಯ ಬಾಯಿಂದ. ಅವರನ್ನು ಎಲ್ಲರೂ ಓನರಮ್ಮ ಅನ್ನುತ್ತಿದ್ದರು. ಮುಂಭಾಗದಲ್ಲಿ ಅವರಿದ್ದರು, ಹಿಂದಿನ ಎರಡು ಕೋಣೆಯಲ್ಲಿ ನಾವು. ನೀರಿನ ನಲ್ಲಿ ಎರಡು ಮನೆಗೂ ಒಂದೇ. ಬಾಸ್ಕೆಟ್‌ಬಾಲ್ ಅಂದರೆ ಏನು ಅಂತ ಅವರು ಒಂದು ದಿನವೂ ನೋಡಿದವರಲ್ಲ. ಆದರೂ ಒಂದು ಬೆಳಿಗ್ಗೆ ಕೊಡ ನಲ್ಲಿಯ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದರು:

"ತವರಿನ ಮೇಲೆ ಪ್ರೀತಿ ಇರಬೇಕು ಕಣವ್ವಾ. ಹಂಗಂತ ಅನ್ನ ಹಾಕೋ ಊರಿನ ಮಾನ ಕಳೆಯಾಕೆ ಹೋಗಬಾರದು."

ನನ್ನ ಕೊಡ ಆಗಲೇ ತುಂಬಿತ್ತು, ಎತ್ತಿಕೊಂಡು ಒಳಗೆ ಬಂದೆ. ಆಮೇಲೆ ಹಾಲಿನವಳು ಮೊದಲಿನಂತೆ ನಿಂತು ಮಾತಾಡುವುದನ್ನು ಬಿಟ್ಟಳು. ತರಕಾರಿ ಕೊಳ್ಳಲು ಹೋದರೆ, ಹೊನ್ನಾಳಿಯಲ್ಲಿ ಬದನೆಕಾಯಿ ಸೋವಿ ಇರಬೇಕಲ್ಲ ಅಂತ ಅಂಗಡಿಯವನು ಕೇಳಿ, ಪಕ್ಕದವನ ಕಡೆ ನೋಡಿ ನಕ್ಕ. ಸಣ್ಣ ಸಣ್ಣ ಮಾತುಗಳು. ದಿನಕ್ಕೆ ಎರಡೋ ಮೂರೋ. ಆದರೆ ಮನೆಯಿಂದ ಹೊರಗೆ ಕಾಲಿಡುವ ಮುಂಚೆ ಇವತ್ತು ಯಾರು ಏನನ್ನುತ್ತಾರೋ ಅಂತ ಯೋಚಿಸುವುದು ನನಗೆ ಅಭ್ಯಾಸವಾಯಿತು.

ತವರಿಗೆ ಹೋದರೆ ಅಲ್ಲಿ ಬೇರೆ ತರಹ. ಈ ಸುದ್ದಿ ಹೊನ್ನಾಳಿಗೂ ಮುಟ್ಟಿತ್ತು. ನನ್ನ ತಮ್ಮ ಸರಿಯಾಗಿ ಊಟ ಮಾಡದೆ ತಟ್ಟೆ ಸರಿಸಿ ಕೂತಿದ್ದ. ಅಮ್ಮ ಸುಮ್ಮನಿರು ಅಂದರೂ ಕೇಳಲಿಲ್ಲ.

"ಅಕ್ಕಾ, ನಾವು ಆಡಿ ಗೆದ್ದೀವಿ. ಭಾವ ಕೊಟ್ಟಿದ್ದಲ್ಲ. ಅವರನ್ನ ಕೇಳಿ ಹೇಳು, ಕೊಟ್ರಾ ಅಂತ."

ಅವನ ಸಿಟ್ಟು ನನಗೆ ಅರ್ಥವಾಯಿತು. ಚನ್ನಗಿರಿಯವರು ನಮ್ಮ ಯಜಮಾನರನ್ನು ಬೈಯುತ್ತಾ ಬೈಯುತ್ತಾ ಅವನ ಗೆಲುವನ್ನೂ ಕಸಿದುಕೊಂಡಿದ್ದರು.

ವಾಪಸು ಬಂದ ದಿನ ನಾನೇ ಇವರನ್ನು ತರಾಟೆಗೆ ತೆಗೆದುಕೊಂಡೆ. ಅಲ್ಲಿಯವರೆಗೆ ನಾನೂ ಮನಸ್ಸಿನಲ್ಲಿ ಇವರನ್ನೇ ದೂರುತ್ತಿದ್ದೆ. ಊರಿಗೆ ಹೇಳದಿದ್ದರೂ ಸರಿ, ನನಗಾದರೂ ಹೇಳಿ, ಬೈಸಿಕೊಳ್ಳುವುದು ನಾನು ಅಂದೆ. ಇವರು ಪಾಲಿಶ್ ಹಾಕುತ್ತಿದ್ದ ಶೂ ಕೆಳಗಿಟ್ಟರು. ಆಮೇಲೆ ಬಾಗಿಲು ಮುಂದೆ ಮಾಡಿ ಬಂದು ಹೇಳಿದರು.

ಸೈಕಲ್ ಶಾಪಿನವನಿಗೆ ಫಿಟ್ಸ್ ಬರುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ, ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ, ಕಂಬದ ಹತ್ತಿರ ಬಿದ್ದು ಕೈಕಾಲು ಸೆಟೆದುಕೊಂಡಿದ್ದ. ಇವರೊಬ್ಬರೇ ಇದ್ದರು. ತಲೆಗೆ ಪೆಟ್ಟಾಗದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಎಚ್ಚರವಾದ ಮೇಲೆ ಅವನು ಮೊದಲು ಕೇಳಿದ್ದು, ಯಾರಾದರೂ ನೋಡಿದರಾ ಅಂತ. ಯಾರಿಗೂ ಹೇಳುವುದಿಲ್ಲ ಅಂತ ಇವರು ಮಾತು ಕೊಟ್ಟಿದ್ದರು. ಫಿಟ್ಸ್ ಬರುವ ಮುಂಚೆ ಅವನ ಕಣ್ಣು ಒಂದೇ ಕಡೆ ನಿಲ್ಲುತ್ತದೆ, ಬೆರಳು ಬನಿಯನ್ನಿನ ಅಂಚನ್ನು ಹೊಸೆಯುತ್ತದೆ ಅನ್ನುವುದು ಇವರಿಗೆ ಆಗ ಗೊತ್ತಾಗಿತ್ತು. ನ್ಯಾಮತಿಯಲ್ಲಿ ಏಳು ಪಾಯಿಂಟು ಮುಂದಿದ್ದಾಗ ಇವರು ನೋಡಿದ್ದು ಅದನ್ನೇ. ಎರಡು ಊರಿನ ಜನದ ನಡುವೆ ಅವನು ಬೀಳುವುದು ಬೇಡ ಅಂತ ಕರೆತಂದರು. ಟವೆಲಿನ ಕೆಳಗೆ ಅವನಿಗೆ ಅರ್ಧ ನಿಮಿಷ ಪ್ರಜ್ಞೆ ಇರಲಿಲ್ಲವಂತೆ. ಪುಣ್ಯಕ್ಕೆ ಅಷ್ಟಕ್ಕೇ ನಿಂತಿತು.

"ಅವನೇ ಹೇಳೋವರೆಗೂ ನಾವು ಹೇಳಾಕೆ ಬರಲ್ಲ ಕಣೇ" ಅಂದರು. "ನಮ್ಮ ಮಾತು ಇನ್ನೊಂದು ತಿಂಗಳಿಗೆ ಹಳೇದಾಗುತ್ತೆ. ಅವನದ್ದು ಆಗಲ್ಲ."

ನನಗೆ ಸಮಾಧಾನವಾಯಿತು. ಆ ಸಮಾಧಾನ ನಾಲ್ಕು ದಿನ ಇತ್ತು. ಐದನೆಯ ದಿನ ಓನರಮ್ಮನ ಪಡಸಾಲೆಯಲ್ಲಿ ನೆಂಟರು ಬಂದು ಕೂತಿದ್ದರು. ಅವರ ತವರು ನಲ್ಲೂರು. ಅಲ್ಲಿದ್ದ ಅವರ ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದರು. ಆ ಗಂಡು ಬೇರೆ ಯಾರೂ ಅಲ್ಲ, ಸೈಕಲ್ ಶಾಪಿನವನೇ. ನಮ್ಮ ಮನೆಗೆ ಬಂದು ಹೋಗುವಾಗ ನೋಡಿ, ಹುಡುಗ ಒಳ್ಳೆಯವನು, ದುಡಿಯುತ್ತಾನೆ, ಚಟ ಇಲ್ಲ ಅಂತ ಓನರಮ್ಮನೇ ಮಾತು ಎತ್ತಿದ್ದರಂತೆ. ಹುಡುಗಿಯೂ ಬಂದಿದ್ದಳು. ಬಿಳಿಚಿಕೊಂಡ ಮುಖ, ಉದ್ದ ಜಡೆ. ನಲ್ಲಿಯ ಹತ್ತಿರ ನನ್ನನ್ನು ಕಂಡು, ಬಾಸ್ಕೆಟ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆ ಅಂತ ಮೆಲ್ಲಗೆ ಕೇಳಿದಳು. ಐದು ಜನ ಅಂದೆ. ಅವಳಿಗೆ ಇನ್ನೂ ಏನೋ ಕೇಳಬೇಕಿತ್ತು, ಕೇಳಲಿಲ್ಲ.

ಊರಿನವರ ಮಾತು ತಡೆದುಕೊಳ್ಳುವುದು ಒಂದು ಕಷ್ಟ. ಗೊತ್ತಿದ್ದೂ ಗೊತ್ತಿದ್ದೂ ಒಬ್ಬ ಹುಡುಗಿಯನ್ನು ಏನೂ ಹೇಳದೆ ಕಳಿಸುವುದು ಬೇರೆಯೇ ಕಷ್ಟ. ಹೇಳಿದರೆ ಇನ್ನೂ ಒಂದು ಲಾಭವಿತ್ತು, ಓನರಮ್ಮನ ಬಾಯಿ ಅವತ್ತೇ ಮುಚ್ಚುತ್ತಿತ್ತು. ಆ ಲಾಭ ಇದ್ದದ್ದರಿಂದಲೇ ನನಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ಹುಡುಗಿಗಾಗಿ ಹೇಳುತ್ತಿದ್ದೇನೋ, ನನಗಾಗಿ ಹೇಳುತ್ತಿದ್ದೇನೋ ಅಂತ. ಇವರನ್ನು ಕೇಳಿದರೆ, ಮಾತು ಕೊಟ್ಟಿದ್ದೀನಿ ಅಂದರು. ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಒಂದು ದಿನ ಮಧ್ಯಾಹ್ನ ಸೈಕಲ್ ಶಾಪಿಗೆ ನಾನೇ ಹೋದೆ. ಆ ಹೊತ್ತಿನಲ್ಲಿ ಗಿರಾಕಿ ಇರುವುದಿಲ್ಲ ಅಂತ ಗೊತ್ತಿತ್ತು. ಅವನು ನೀರಿನ ಬಾಣಲೆಯಲ್ಲಿ ಟ್ಯೂಬ್ ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದ. ನನ್ನನ್ನು ನೋಡಿ ಎದ್ದು, ಕೈ ಒರೆಸಿಕೊಂಡು ಸ್ಟೂಲ್ ಹಾಕಿದ. ನಾನು ಕೂರಲಿಲ್ಲ. ಮೇಷ್ಟ್ರು ನನಗೆ ಹೇಳಿದಾರೆ ಅಂದೆ. ಅವನು ತಲೆ ತಗ್ಗಿಸಿದ.

"ನನ್ನ ಬಾಯಿಂದ ಯಾರಿಗೂ ಹೋಗಲ್ಲಪ್ಪ. ಆದರೆ ಆ ಹುಡುಗಿಗೆ ನಿನ್ನ ಬಾಯಿಂದ ಹೋಗಬೇಕು."

ಅವನು ಬಾಣಲೆಯ ಕಡೆ ನೋಡಿದ. ಟ್ಯೂಬಿನಿಂದ ಗುಳ್ಳೆ ಏಳುತ್ತಲೇ ಇತ್ತು. ಆಮೇಲೆ ಕೇಳಿದ:

"ಹೇಳಿದರೆ ಮದುವೆ ಆಗಲ್ಲ, ಅಕ್ಕಾರೆ. ಹೇಳದೆ ಆದರೆ?"

"ಆದರೆ ದಿನಾ ಹೆದರಿಕೊಂಡೇ ಇರಬೇಕು, ನೀನು" ಅಂದೆ. ನನಗೆ ಅಷ್ಟೇ ತೋಚಿತು. ಬೇರೆ ಏನಾದರೂ ಒಳ್ಳೆಯ ಮಾತು ಹೇಳಬಹುದಿತ್ತು ಅಂತ ಮನೆಗೆ ಬಂದ ಮೇಲೆ ಅನ್ನಿಸಿತು.

ಮುಂದಿನ ಸೋಮವಾರ ಅವನು ಅಂಗಡಿ ತೆಗೆಯಲಿಲ್ಲ. ಒಗೆದ ಅಂಗಿ ಹಾಕಿಕೊಂಡು ಸೈಕಲ್ ಏರಿ ನಲ್ಲೂರಿಗೆ ಹೋಗಿ, ಹುಡುಗಿಯ ಅಪ್ಪನ ಎದುರು ಕೂತು, ನ್ಯಾಮತಿಯದ್ದನ್ನೂ ಸೇರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಹುಡುಗಿಯ ಅಪ್ಪ ಬೈಯಲಿಲ್ಲ. ಊಟ ಮಾಡಿಸಿ ಕಳಿಸಿದರಂತೆ. ಎರಡು ದಿನ ಬಿಟ್ಟು, ಈ ಸಂಬಂಧ ಬೇಡ ಅಂತ ಓನರಮ್ಮನಿಗೆ ಹೇಳಿ ಕಳಿಸಿದರು. ಕಾರಣವನ್ನೂ ಹೇಳಿದರು, ಯಾರಿಗೂ ತಿಳಿಸಬೇಡ, ಹುಡುಗ ನಂಬಿ ಹೇಳಿದ್ದಾನೆ ಅಂತಲೂ ಹೇಳಿದರು. ಹುಡುಗಿಗೆ ಏನನ್ನಿಸಿತು ಅಂತ ನನಗೆ ಗೊತ್ತಾಗಲಿಲ್ಲ. ಅವಳನ್ನು ಯಾರಾದರೂ ಕೇಳಿದರೋ ಇಲ್ಲವೋ ಅದೂ ಗೊತ್ತಿಲ್ಲ. ಮುಂದಿನ ವರ್ಷ ಅವಳನ್ನು ಜಗಳೂರು ತಾಲ್ಲೂಕಿನ ಸೊಕ್ಕೆಗೆ ಮದುವೆ ಮಾಡಿ ಕೊಟ್ಟರು.

ಸಂಬಂಧ ಬೇಡ ಅನ್ನುವ ಸುದ್ದಿ ಬಂದ ದಿನವೇ ಸಂಜೆ ಓನರಮ್ಮ ಹಿತ್ತಿಲ ಬಾಗಿಲಿನಿಂದ ನಮ್ಮ ಅಡುಗೆಮನೆಗೆ ಬಂದರು. ಅಷ್ಟು ವರ್ಷದಲ್ಲಿ ಅವರು ಆ ಬಾಗಿಲು ದಾಟಿದ್ದಿಲ್ಲ. ನಾನು ರೊಟ್ಟಿ ತಟ್ಟುತ್ತಿದ್ದೆ. ಮಣೆ ಎಳೆದುಕೊಂಡು ಕೂತರು. ಕೂತವರೇ ಕೇಳಿದರು:

"ಅವತ್ತು ನಲ್ಲಿ ಹತ್ರ ನಾನು ಅಂದಾಗ ನಿನಗೆ ಗೊತ್ತಿತ್ತೇನವ್ವಾ?"

"ಅವತ್ತು ಗೊತ್ತಿರಲಿಲ್ಲಮ್ಮ. ಆಮೇಲೆ ಗೊತ್ತಾಯಿತು."

"ನಮ್ಮ ಹುಡುಗಿ ನೋಡಾಕೆ ಬಂದಾಗ?"

ಗೊತ್ತಿತ್ತು ಅಂದೆ. ಅವರ ಮುಖ ಬಿಗಿಯಿತು. ಅದಕ್ಕೆ ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ನಾನು ಸೈಕಲ್ ಶಾಪಿಗೆ ಹೋಗಿದ್ದನ್ನು ಹೇಳಲಿಲ್ಲ. ಆದರೂ ಅದು ಅವರಿಗೆ ಗೊತ್ತಿದ್ದ ಹಾಗೆ ಕಂಡಿತು, ಅವನು ನಲ್ಲೂರಿನಲ್ಲಿ ಹೇಳಿದ್ದನೋ ಏನೋ, ಅಥವಾ ಅವರೇ ಊಹಿಸಿದರೋ. ಅವರು ಎದ್ದು, ಒಲೆಯ ಮೇಲಿದ್ದ ರೊಟ್ಟಿಯನ್ನು ತಾವೇ ತಿರುವಿ ಹಾಕಿ, ಸೀದು ಹೋಗುತ್ತೆ ನೋಡು ಅಂತ ಹೇಳಿ ಹೊರಟುಹೋದರು. ಮರುದಿನ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಹೊನ್ನಾಳಿಯ ಮಾತು ತೆಗೆದಾಗ, ನಿನಗೇನು ಗೊತ್ತು ಆಟದ ವಿಚಾರ, ಸುಮ್ನೆ ನೀರು ಹಿಡಿ ಅಂತ ಗದರಿಸಿದರು. ಫಿಟ್ಸಿನ ಮಾತನ್ನು ಅವರು ಯಾರ ಹತ್ತಿರವೂ ಆಡಲಿಲ್ಲ. ನಾವು ಆ ಮನೆಯಲ್ಲಿ ಇನ್ನೂ ಆರು ವರ್ಷ ಇದ್ದೆವು. ಅಷ್ಟು ಮಾತಾಡುವ ಹೆಂಗಸು ಅದೊಂದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ನನಗೆ ಈಗಲೂ ಆಶ್ಚರ್ಯ.

ಊರಿನವರಿಗೆ ಮಾತ್ರ ಕಾರಣ ಕೊನೆಗೂ ಗೊತ್ತಾಗಲಿಲ್ಲ. ಒಂದು ತಿಂಗಳಿಗೆ ಹಳೆಯದಾಗುತ್ತದೆ ಅಂತ ಇವರು ಹೇಳಿದ್ದು ತಪ್ಪಾಯಿತು. ಮುಂದಿನ ವರ್ಷ ತಂಡ ನೋಡಿಕೊಳ್ಳಲು ಬ್ಯಾಂಕಿಗೆ ಹೊಸದಾಗಿ ಬಂದಿದ್ದ ಒಬ್ಬರನ್ನು ಗೊತ್ತು ಮಾಡಿದರು. ಇವರನ್ನು ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಸಭೆಗೆ ಕರೆಯಲಿಲ್ಲ ಅಷ್ಟೆ. ಇವರು ತಿರುಗಿ ಶಾಲೆಯ ಹುಡುಗರಿಗೆ ಕಲಿಸುತ್ತಾ ಇದ್ದುಬಿಟ್ಟರು. ನೋವಾಗಲಿಲ್ಲ ಅನ್ನಲಾರೆ. ಊರಿನ ತಂಡದ ಆಟ ಇದ್ದ ಸಂಜೆ ಇವರು ಏನಾದರೂ ನೆಪ ಮಾಡಿಕೊಂಡು ಮನೆಯಲ್ಲೇ ಇರುತ್ತಿದ್ದರು. ಮೈದಾನದಿಂದ ಕೂಗು ಕೇಳಿದರೆ, ಓದುತ್ತಿದ್ದ ಪೇಪರ್ ಸ್ವಲ್ಪ ಕೆಳಗಿಳಿಸಿ, ಯಾರು ಹಾಕಿದರು ಅನ್ನುವುದನ್ನು ಕೂಗಿನಲ್ಲೇ ಹುಡುಕುತ್ತಿದ್ದರು.

ಸೈಕಲ್ ಶಾಪಿನವನು ಆಟ ಬಿಟ್ಟ. ಇವರೇ ಅವನನ್ನು ದಾವಣಗೆರೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಿನಾ ಮಾತ್ರೆ ನುಂಗಬೇಕಾಯಿತು. ಎರಡು ವರ್ಷದ ಮೇಲೆ ಫಿಟ್ಸ್ ಬರುವುದು ಬಹಳ ಕಡಿಮೆಯಾಯಿತು. ಎಂಬತ್ತರ ದಶಕದ ಮೊದಲಿಗೆ ಅವನ ಮದುವೆಯಾಯಿತು. ಆ ಹುಡುಗಿಯ ಮನೆಯವರಿಗೂ ಮೊದಲ ದಿನವೇ ಹೇಳಿದ್ದನಂತೆ. ಅವರು ಮಾತ್ರೆಯ ಹೆಸರು ಕೇಳಿ ಬರೆದುಕೊಂಡು, ತಮ್ಮ ಡಾಕ್ಟರನ್ನು ವಿಚಾರಿಸಿ, ಆಮೇಲೆ ಒಪ್ಪಿದರು. ಮದುವೆಯ ಊಟಕ್ಕೆ ನಾವಿಬ್ಬರೂ ಹೋಗಿದ್ದೆವು. ಹಂದರದ ಕೆಳಗೆ ತಂಡದ ಹಳಬರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು, ನ್ಯಾಮತಿಯ ಮಾತು ತೆಗೆದಿದ್ದರು. ಒಬ್ಬರು ಇವರ ಕಡೆ ಬಗ್ಗಿ, ನಗುತ್ತಲೇ, ಈಗಲಾದರೂ ಹೇಳಿ ಮೇಷ್ಟ್ರೇ, ಇವನನ್ನು ಯಾಕೆ ತೆಗೆದಿರಿ ಅಂತ ಕೇಳಿದರು. ಮದುಮಗ ಅಲ್ಲೇ ನಿಂತು ಪಾಯಸ ಬಡಿಸುವವರಿಗೆ ಏನೋ ಹೇಳುತ್ತಿದ್ದ. ಮಾತು ಅವನಿಗೂ ಕೇಳಿಸಿತು.

"ತಪ್ಪಾಯಿತು ಕಣ್ರೀ" ಅಂದರು ಇವರು. "ನನಗೆ ಆಟ ಅಷ್ಟು ಬರಲ್ಲ."

ಸಾಲಿನವರೆಲ್ಲ ನಕ್ಕರು. ಅಷ್ಟು ವರ್ಷ ಕೇಳಬೇಕಾಗಿದ್ದ ಮಾತು ಕೊನೆಗೂ ಸಿಕ್ಕಿದ್ದಕ್ಕೆ ಅವರಿಗೆ ತೃಪ್ತಿಯಾದ ಹಾಗೆ ಕಂಡಿತು. ಮದುಮಗ ನಗಲಿಲ್ಲ. ಪಾಯಸದ ಬಕೆಟ್ಟನ್ನು ಬಡಿಸುವವರ ಕೈಯಿಂದ ತಾನೇ ಇಸಿದುಕೊಂಡು ಬಂದು, ಇವರ ಎಲೆಗೆ ಎರಡು ಸೌಟು ಹಾಕಿ, ಬೇಡ ಬೇಡ ಅಂದರೂ ಇನ್ನೊಂದು ಸೌಟು ಹಾಕಿದ.